ಅರೆತಲೆಶೂಲೆಗೆ ವಿಷದ ಸೂಜಿಮದ್ದು

ಜ್ವರ ಬಂದವರ ಮೈಯನ್ನು ಮುಟ್ಟಿದರೆ ಬಿಸಿ ತಿಳಿಯುವುದು. ಕಾಲು ಮುರಿದವರ ಕಟ್ಟು ಎಲ್ಲರ ಕಣ್ಣಿಗೂ ಬೀಳುವುದು. ತಲೆನೋವಿಗೆ ಇಂತಹ ಹೊರಗಣ ಸಾಕ್ಷಿ ಯಾವುದೂ ಇಲ್ಲ. ಅನುಭವಿಸುವವರ ಮಾತೊಂದೇ ಪ್ರಮಾಣ. ಆದುದರಿಂದಲೇ ಕತ್ತಲೆಯ ಕೋಣೆಯಲ್ಲಿ ಸೆರಗನ್ನು ಮುಖದ ಮೇಲೆಳೆದುಕೊಂಡು ಮಲಗಿದ ಸೊಸೆಯನ್ನು ಕುರಿತು ಮೈಗಳ್ಳತನದ ಮಾತು ನಮ್ಮ ಮನೆಗಳಲ್ಲಿ ಬಹು ಸುಲಭವಾಗಿ ಹುಟ್ಟುತ್ತದೆ. ಮೂವತ್ತು ವರ್ಷಗಳಿಗೂ ಮಿಗಿಲಾಗಿ ಪಾಠಶಾಲೆಯಲ್ಲಿ ಕಾಲ ಕಳೆದ ನಾವು, ತಲೆನೋವೆಂದು ಮನೆಗೆ ಹೋಗಲು ಅಪ್ಪಣೆ ಕೇಳುವ ಹುಡುಗನ ಮುಂದೆ ಉಪಾಧ್ಯಾಯರ ಹುಬ್ಬು ಹೇಗೆ ಮೇಲೇರುವುದೆಂಬುದನ್ನು ಚೆನ್ನಾಗಿ ಬಲ್ಲೆವು.

ನಮ್ಮ ಪೂರ್ವಿಕ ವೈದ್ಯರು ಇದನ್ನು ಹಾಗೆ ಅಲಕ್ಷ್ಯಮಾಡಲಿಲ್ಲ. ಸುಶ್ರುತಸಂಹಿತೆಯ ಉತ್ತರತಂತ್ರದಲ್ಲಿ ಶಿರೋರೋಗಗಳನ್ನು ಹನ್ನೊಂದು ಬಗೆಯಾಗಿ ಎಣಿಸಿದೆ. ಸೂರ್ಯನೊಡನೆ ಏರಿ ಸೂರ್ಯನೊಡನೆ ಇಳಿಯುವುದಕ್ಕೆ ಸೂರ್ಯಾವರ್ತವೆಂದು ಹೆಸರು. ತಲೆಯ ಒಂದು ಪಕ್ಕವನ್ನು ಹಿಡಿದು ಸೀಳುವಂತೆ ನೋಯಿಸುವುದಕ್ಕೆ ಅರ್ಧಾವಭೇದಕವೆಂದು ಹೆಸರು. ಕನ್ನಡದ ಅರೆತಲೆನೋವೆಂಬ ಮಾತೂ ಇದನ್ನೇ ಹೇಳುತ್ತದೆ. ಗ್ರೀಕ್ ವೈದ್ಯನಾದ ಗೇಲನನು ಇದನ್ನು ಹೆಮಿಕ್ರೇನಿಯ ಎಂದು ಕರೆದನು. ಅದರ ಅರ್ಥವೂ ಅರ್ಧ ತಲೆಬುರುಡೆಯೆಂದೇ. ಆ ಪದವು ಫ್ರೆಂಚರ ಬಾಯಲ್ಲಿ ಸವೆದು ಇಂದಿನ ಮೈಗ್ರೇನ್ ಆಗಿದೆ. ಗ್ರೀಕರ ‘ಹೆಮಿ’ಯೂ ಸಂಸ್ಕೃತದಲ್ಲಿ ಅರ್ಧವೆಂಬ ಅರ್ಥವುಳ್ಳ ‘ಸಾಮಿ’ಯೂ ಒಂದೇ ಬೇರಿನ ಚಿಗುರುಗಳೆಂದು ಭಾಷಾಶಾಸ್ತ್ರಜ್ಞರು ತೋರಿಸಿದ್ದಾರೆ. ನೋವಿನ ಹೆಸರಿನಲ್ಲಾದರೂ ಪೂರ್ವಪಶ್ಚಿಮಗಳು ಒಂದಾದುವಲ್ಲ ಎಂದು ನಮಗೆ ನಗು ಬಂದುದುಂಟು. ಆದರೆ ಹೆಸರು ಹೀಗಿದ್ದರೂ ಈ ಶೂಲೆಯು ಎಷ್ಟೋ ಮಂದಿಗೆ ತಲೆಯ ಎರಡು ಪಕ್ಕಗಳಲ್ಲಿಯೂ ಬರುವುದೆಂಬುದನ್ನು ಮರೆಯಬಾರದು.

ಸಾಮಾನ್ಯವಾದ ತಲೆಭಾರವೇ ಬೇರೆ, ಇದೇ ಬೇರೆ. ನಾಡಿಯೊಡನೆ ಬಡಿಯುವ ನೋವು, ಹೊಟ್ಟೆ ತೊಳಸುವುದು, ವಾಂತಿ. ದೀಪದ ಬೆಳಕೂ ಪಾತ್ರೆಯ ಸದ್ದೂ ಸಹಿಸದಿರುವುದು. ಒಗ್ಗರಣೆಯ ಘಾಟಿಗೇ ಓಡಿಹೋಗಬೇಕೆನಿಸುವುದು. ಮದ್ದು ಮಾಡದಿದ್ದರೆ ನಾಲ್ಕು ಗಂಟೆಗಳಿಂದ ಮೂರು ದಿನಗಳವರೆಗೂ ನಿಲ್ಲುವುದು. ಕೆಲವರಿಗೆ ನೋವಿಗೆ ಮೊದಲು ಕಣ್ಣೆದುರಿಗೆ ಹಾವಿನ ನಡೆಯಂತೆ ಬೆಳಕಿನ ಗೆರೆಗಳು ಕುಣಿಯುತ್ತವೆ. ಹೆಂಗಸರಲ್ಲಿ ಈ ರೋಗವು ಗಂಡಸರಲ್ಲಿರುವುದಕ್ಕಿಂತ ಎರಡು ಮೂರು ಪಟ್ಟು ಹೆಚ್ಚು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ವೈದ್ಯರು ಕರ್ನಾಟಕದ ಪಟ್ಟಣವಾಸಿಗಳನ್ನೂ ಹಳ್ಳಿಗರನ್ನೂ ಮನೆಮನೆಯಲ್ಲಿ ವಿಚಾರಿಸಿ ೨೦೧೫ರಲ್ಲಿ ಪ್ರಕಟಿಸಿದ ವರದಿಯಂತೆ, ವಯಸ್ಕರಲ್ಲಿ ಸುಮಾರು ನಾಲ್ವರಲ್ಲೊಬ್ಬರು ಒಂದು ವರ್ಷದೊಳಗೆ ಮೈಗ್ರೇನಿಗೆ ತುತ್ತಾಗಿದ್ದರು. ಇದು ನೆರೆಮನೆಯ ಸುದ್ದಿಯಲ್ಲ; ಇದನ್ನೋದುತ್ತಿರುವ ಬಹುಮಂದಿಯ ಮನೆಯಲ್ಲಿಯೇ ಒಬ್ಬರಿದ್ದಾರು.

ಈ ನಾಲ್ವರಲ್ಲೊಬ್ಬರಿಗೆಲ್ಲ ನಾವು ಹೇಳಹೊರಟಿರುವ ಚಿಕಿತ್ಸೆ ಬೇಕಾದುದಲ್ಲ. ತಿಂಗಳಿಗೊಮ್ಮೆಯೋ ಎರಡು ಬಾರಿಯೋ ಬಂದುಹೋಗುವ ಶೂಲೆಗೆ ಮಾತ್ರೆ, ಕತ್ತಲೆ, ನಿದ್ದೆಗಳೇ ಸಾಕು. ಆದರೆ ನೂರರಲ್ಲಿ ಒಬ್ಬಿಬ್ಬರ ಪಾಲಿಗೆ ರೋಗವು ಅತಿಥಿಯಾಗಿದ್ದುದು ಮನೆಯವನೇ ಆಗಿಬಿಡುತ್ತದೆ. ತಿಂಗಳಲ್ಲಿ ೧೫ ದಿನಗಳು ಅಥವಾ ಅದಕ್ಕೂ ಹೆಚ್ಚು ದಿನ ತಲೆನೋವಿದ್ದು, ಅವುಗಳಲ್ಲಿ ೮ ದಿನಗಳಾದರೂ ಮೈಗ್ರೇನಿನ ಲಕ್ಷಣಗಳಿಂದ ಕೂಡಿದ್ದು, ಹೀಗೆ ಮೂರು ತಿಂಗಳಿಗೆ ಮಿಕ್ಕಿ ನಡೆದರೆ ಅದನ್ನು ವೈದ್ಯರು ದೀರ್ಘಕಾಲದ ಮೈಗ್ರೇನ್ ಎನ್ನುತ್ತಾರೆ. ಈ ಹದಿನೈದು ಎಂಬ ಅಂಕೆಯನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದಣ ಮಾತೆಲ್ಲ ಇದರ ಮೇಲೆಯೇ ನಿಂತಿದೆ.

ಊಟ ತಪ್ಪುವುದು, ನಿದ್ದೆಗೇಡು, ಮಧ್ಯಾಹ್ನದ ಬಿಸಿಲು, ಮಾಸಿಕ ಋತು, ಇವು ಶೂಲೆಯನ್ನು ಕೆಣಕುವುವೆಂಬುದು ಎಲ್ಲರೂ ಅರಿತುದೇ. ತಲೆಗೆ ನೀರೆರೆದುಕೊಂಡ ದಿನವೇ ಶೂಲೆ ಬರುವುದೆಂದು ನಮ್ಮ ಅಜ್ಜಿಯರು ಹೇಳುತ್ತಿದ್ದ ಮಾತನ್ನು ನಮ್ಮ ದೇಶದ ವೈದ್ಯರು ಪರೀಕ್ಷಿಸಿ, ನಿಜವೆಂದು ವೈದ್ಯಪತ್ರಿಕೆಗಳಲ್ಲಿ ಬರೆದಿದ್ದಾರೆ. ಏಕಾದಶಿಯ ಉಪವಾಸವನ್ನು ಬಿಡಲೊಲ್ಲದ ಹಿರಿಯ ಮುತ್ತೈದೆಯರಿಗೆ ದ್ವಾದಶಿಯ ಪಾರಣೆಯೊಳಗೆ ಶೂಲೆ ಹಿಡಿಯುವುದನ್ನು ನಾವೇ ಕಂಡಿದ್ದೇವೆ.

ಇವೆಲ್ಲಕ್ಕಿಂತ ಹೆಚ್ಚಾಗಿ ಹೇಳಬೇಕಾದುದು ಅಂಗಡಿಯ ಮಾತ್ರೆಯ ವಿಚಾರ. ನೋವು ಬಂದಾಗಲೆಲ್ಲ ನುಂಗಿದ ಮಾತ್ರೆಯೇ ಮುಂದೆ ನೋವನ್ನು ತರುವುದೆಂದರೆ ಯಾರೂ ನಂಬಲಾರರು. ಆದರೂ ಇದು ವೈದ್ಯಶಾಸ್ತ್ರದಲ್ಲಿ ಚೆನ್ನಾಗಿ ಸ್ಥಾಪಿತವಾದ ಸಂಗತಿ. ಪ್ಯಾರಾಸಿಟಮಾಲಿನಂತಹ ಸಾದಾ ಮಾತ್ರೆಗಳನ್ನು ತಿಂಗಳಿಗೆ ೧೫ ದಿನಗಳು, ಹಲವು ಮದ್ದುಗಳು ಬೆರೆತ ಮಾತ್ರೆಗಳನ್ನೂ ಟ್ರಿಪ್ಟಾನ್ ಜಾತಿಯ ಮಾತ್ರೆಗಳನ್ನೂ ೧೦ ದಿನಗಳು, ಹೀಗೆ ತಿಂಗಳುಗಟ್ಟಲೆ ನುಂಗುತ್ತ ಬಂದರೆ ತಲೆನೋವು ದಿನನಿತ್ಯದ್ದಾಗಿ ಬೇರೂರುತ್ತದೆ. ಸಾಲ ತೀರಿಸಲು ಸಾಲ ಮಾಡಿದವನ ಗತಿಯೇ ಅದು. ಸೂಜಿಯ ಮಾತನ್ನೆತ್ತುವ ಮೊದಲು ಒಳ್ಳೆಯ ವೈದ್ಯರು ಕೇಳುವ ಪ್ರಶ್ನೆ, ‘ತಿಂಗಳಿಗೆ ಎಷ್ಟು ಮಾತ್ರೆ ನುಂಗುತ್ತೀರಿ?’ ಎಂಬುದು.

ಇನ್ನು ವಿಷದ ಕಥೆಗೆ ಬರೋಣ. ಅದು ಆರಂಭವಾಗುವುದು ಜರ್ಮನಿಯ ನೈಋತ್ಯಭಾಗದ ವ್ಯೂರ್ಟೆಂಬೆರ್ಗ್ ಎಂಬ ಸೀಮೆಯ ಅಡಿಗೆಮನೆಗಳಲ್ಲಿ. ಅಲ್ಲಿಯ ಜನರು ಪ್ರಾಣಿಯ ಕರುಳಿನಲ್ಲಿಯೋ ಜಠರದ ಚೀಲದಲ್ಲಿಯೋ ಮಾಂಸವನ್ನೂ ರಕ್ತವನ್ನೂ ತುಂಬಿ, ಬೇಯಿಸಿ, ಹೊಗೆಯಲ್ಲಿ ತೂಗಹಾಕಿ ತಿಂಗಳುಗಟ್ಟಲೆ ಇಟ್ಟುಕೊಂಡು ತಿನ್ನುತ್ತಿದ್ದರು. ನಮ್ಮ ವಾಚಕರಲ್ಲಿ ಹಲವರಿಗೆ ಈ ವರ್ಣನೆ ರುಚಿಸದು. ಕಥೆಗೆ ಅದು ಅವಶ್ಯವಾದುದರಿಂದ ಕ್ಷಮಿಸಬೇಕು. ೧೭೯೩ರಲ್ಲಿ ವಿಲ್ಡ್‌ಬಾಡ್ ಎಂಬ ಊರಿನಲ್ಲಿ ಇಂತಹ ಒಂದು ಭಕ್ಷ್ಯವನ್ನು ತಿಂದ ೧೩ ಮಂದಿ ಕಾಯಿಲೆ ಬಿದ್ದು ಅವರಲ್ಲಿ ೬ ಮಂದಿ ಸತ್ತರು. ಮುಂದೆ ನೆಪೋಲಿಯನ್ನನ ಯುದ್ಧಗಳ ಬಡತನದಲ್ಲಿ ಅಡಿಗೆಯ ಶುಚಿತ್ವವು ಕುಂದಿ, ಇಂತಹ ಸಾವುಗಳು ಹೆಚ್ಚಿದುವು.

ಆ ಸೀಮೆಯಲ್ಲಿ ಯುಸ್ಟಿನುಸ್ ಕೆರ್ನರ್ ಎಂಬ ವೈದ್ಯನಿದ್ದನು. ೧೭೮೬ರಲ್ಲಿ ಹುಟ್ಟಿದ ಈತನು ಜರ್ಮನ್ ಸಾಹಿತ್ಯದಲ್ಲಿ ಹೆಸರಾದ ಕವಿಯೂ ಹೌದು. ಒಂದು ಕೈಯಲ್ಲಿ ಪದ್ಯ, ಇನ್ನೊಂದು ಕೈಯಲ್ಲಿ ಕಷಾಯ. ನಮ್ಮಲ್ಲಿಯೂ ಅಂತಹ ಪಂಡಿತರಿದ್ದರು. ಈತನು ಈ ವಿಷದ ರೋಗಿಗಳ ವೃತ್ತಾಂತಗಳನ್ನು ಒಂದೊಂದಾಗಿ ಕೂಡಿಹಾಕಿ, ೧೮೨೦ರಲ್ಲಿ ಒಂದು, ೧೮೨೨ರಲ್ಲಿ ಇನ್ನೊಂದು ಗ್ರಂಥವನ್ನು ಪ್ರಕಟಿಸಿದನು. ರೆಪ್ಪೆಗಳು ಜೋಲುವುದು, ಒಂದು ಎರಡಾಗಿ ಕಾಣುವುದು, ಬಾಯಿ ಒಣಗುವುದು, ನುಂಗಲಾಗದಿರುವುದು, ಕಡೆಗೆ ಉಸಿರಾಟದ ಸ್ನಾಯುಗಳೇ ಸೋಲುವುದು. ಅಷ್ಟಾದರೂ ರೋಗಿಗೆ ಪ್ರಜ್ಞೆ ಮಾತ್ರ ತಪ್ಪದಿರುವುದು. ಈ ಲಕ್ಷಣಗಳನ್ನು ಆತನು ಬರೆದಿಟ್ಟುದಕ್ಕೆ ಇಂದಿಗೂ ಸೇರಿಸಬೇಕಾದುದು ಅಲ್ಪ. ವಿಷವನ್ನು ಪ್ರಾಣಿಗಳಿಗೆ ಕೊಟ್ಟು ಪರೀಕ್ಷಿಸಿದುದು ಸಾಲದೆ, ಕೆಲವು ಹನಿಗಳನ್ನು ತನ್ನ ನಾಲಗೆಯ ಮೇಲೂ ಹಾಕಿಕೊಂಡು ನೋಡಿದನು. ಆ ವಿಷವು ಕೊಬ್ಬಿನಿಂದ ಹುಟ್ಟುವ ಆಮ್ಲವೆಂದು ಆತನೆಣಿಸಿದುದು ಸರಿಯಲ್ಲ. ಆದರೆ ಅದು ನರಗಳಿಂದ ಸ್ನಾಯುಗಳಿಗೆ ಹೋಗುವ ಪ್ರೇರಣೆಯನ್ನು ತಡೆಯುವುದೆಂದು ಊಹಿಸಿ, ಹಾಗಾದರೆ ನರಗಳ ಅತಿಯಾದ ಉದ್ರೇಕದಿಂದ ಹುಟ್ಟುವ ರೋಗಗಳಿಗೆ ಅತ್ಯಲ್ಪ ಪ್ರಮಾಣದಲ್ಲಿ ಇದನ್ನೇ ಮದ್ದಾಗಿ ಕೊಡಬಹುದಲ್ಲವೆ ಎಂದು ೧೮೨೨ರಲ್ಲಿಯೇ ಸೂಚಿಸಿದನು! ತಕ್ಕ ಯುಕ್ತಿಯಿಂದ ಬಳಸಿದರೆ ತೀಕ್ಷ್ಣವಾದ ವಿಷವೂ ಮೇಲಾದ ಔಷಧವಾದೀತೆಂಬ ತತ್ತ್ವವು ಚರಕಸಂಹಿತೆಯಲ್ಲಿಯೂ ಇದೆ. ಶುದ್ಧಿಮಾಡಿದ ವತ್ಸನಾಭಿಯನ್ನು ನಮ್ಮ ಪಂಡಿತರು ಇಂದಿಗೂ ಬಳಸುತ್ತಾರೆ. ಹೀಗೆಂದು ಇಂದಿನ ಈ ಚಿಕಿತ್ಸೆಯೂ ನಮ್ಮ ಹಿರಿಯರಿಗೆ ತಿಳಿದಿತ್ತೆಂದು ಹೇಳಹೊರಡುವುದು ಪಾಂಡಿತ್ಯವಲ್ಲ. ತತ್ತ್ವ ಬೇರೆ, ಸಾಧನೆ ಬೇರೆ.

ವಿಷವನ್ನು ಹೆರುವ ಕ್ರಿಮಿ ಸಿಕ್ಕಿದುದು ಬೆಲ್ಜಿಯಮ್ ದೇಶದಲ್ಲಿ. ೧೮೯೫ರ ಡಿಸೆಂಬರಿನಲ್ಲಿ ಎಲ್ಲೆಜೆಲ್ ಎಂಬ ಹಳ್ಳಿಯಲ್ಲಿ ಒಬ್ಬ ಮುದುಕನ ಶವಸಂಸ್ಕಾರಕ್ಕೆ ಬಂದ ವಾದ್ಯಗಾರರು ಉಪ್ಪುನೀರಿನಲ್ಲಿಟ್ಟಿದ್ದ ಹಂದಿಯ ತೊಡೆಯ ಮಾಂಸವನ್ನು ತಿಂದರು. ಮೂವತ್ತಕ್ಕೂ ಹೆಚ್ಚು ಮಂದಿ ಕಾಯಿಲೆ ಬಿದ್ದರು, ಮೂವರು ಸತ್ತರು. ಗೆಂಟ್ ನಗರದ ಪ್ರಾಧ್ಯಾಪಕ ಎಮೀಲ್ ವಾನ್ ಎರ್ಮೆಂಗೆಮ್ ಆ ಮಾಂಸದಲ್ಲಿಯೂ ಸತ್ತವರ ದೇಹದಲ್ಲಿಯೂ ಗಾಳಿಯಿಲ್ಲದೆಡೆಯಲ್ಲಿ ಬೆಳೆಯುವ ಒಂದು ಕ್ರಿಮಿಯನ್ನು ಕಂಡುಹಿಡಿದು, ೧೮೯೭ರಲ್ಲಿ ಲೋಕಕ್ಕೆ ತಿಳಿಸಿದನು. ಲ್ಯಾಟಿನ್ ಭಾಷೆಯಲ್ಲಿ ‘ಬೊಟುಲುಸ್’ ಎಂದರೆ ಮೇಲೆ ಹೇಳಿದ ಮಾಂಸದ ಭಕ್ಷ್ಯ. ಅದರಿಂದ ಬೊಟುಲಿನಮ್ ಎಂಬ ಹೆಸರು ನಿಂತಿತು. ಪ್ರಸಂಗ ಬಂದುದರಿಂದ ತಾಯಂದಿರಿಗೊಂದು ಮಾತು: ಈ ಕ್ರಿಮಿಯ ಬೀಜಗಳು ಜೇನುತುಪ್ಪದಲ್ಲಿಯೂ ಇರಬಹುದು. ದೊಡ್ಡವರಿಗೆ ಅದರಿಂದ ಬಾಧೆಯಿಲ್ಲ; ಆದರೆ ಒಂದು ವರ್ಷ ತುಂಬದ ಮಗುವಿನ ಕರುಳಿನಲ್ಲಿ ಅವು ಮೊಳೆತು ವಿಷವನ್ನು ಮಾಡಬಲ್ಲವು. ನಾಲಗೆಗೆ ಜೇನು ನೆಕ್ಕಿಸುವ ಸಂಪ್ರದಾಯವಿರುವ ಮನೆಗಳು ಇದನ್ನು ಗಮನಿಸತಕ್ಕುದು. ಉಬ್ಬಿದ ಡಬ್ಬಿಯ ಆಹಾರವನ್ನೂ ಮುಟ್ಟಕೂಡದು.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದವರು ಈ ವಿಷವನ್ನು ಯುದ್ಧಾಸ್ತ್ರವೆಂಬ ಭಯದಿಂದ ಪರಿಶೋಧಿಸಿ, ೧೯೪೬ರಲ್ಲಿ ಅದನ್ನು ಶುದ್ಧವಾದ ಹರಳಿನ ರೂಪಕ್ಕೆ ತಂದರು. ಆ ಕೆಲಸದಲ್ಲಿದ್ದ ಎಡ್ವರ್ಡ್ ಶಾಂಟ್ಸ್ ಎಂಬ ವಿಜ್ಞಾನಿಯು ಅನಂತರ ಅದನ್ನು ಸ್ಯಾನ್ ಫ್ರಾನ್ಸಿಸ್ಕೋ ನಗರದ ನೇತ್ರವೈದ್ಯ ಅಲನ್ ಸ್ಕಾಟ್ ಎಂಬವರಿಗೆ ಒದಗಿಸಿದನು. ಮೆಳ್ಳೆಗಣ್ಣನ್ನು ಶಸ್ತ್ರವಿಲ್ಲದೆ ಸರಿಪಡಿಸಬೇಕೆಂಬುದು ಸ್ಕಾಟರ ಹಂಬಲ. ಕಣ್ಣನ್ನು ಒಂದು ಕಡೆಗೆ ಎಳೆಯುವ ಸ್ನಾಯುವನ್ನು ತುಸು ಸಡಿಲಿಸಿದರೆ ಕಣ್ಣು ನೆಟ್ಟಗಾಗಬೇಕಲ್ಲವೆ? ಕೋತಿಗಳ ಮೇಲೆ ನಡೆಸಿದ ಪರೀಕ್ಷೆಯನ್ನು ೧೯೭೩ರಲ್ಲಿಯೂ ಮನುಷ್ಯರ ಮೇಲೆ ನಡೆಸಿದುದನ್ನು ೧೯೮೦ರಲ್ಲಿಯೂ ಅವರು ಪ್ರಕಟಿಸಿದರು. ೧೯೮೯ರಲ್ಲಿ ಅಮೆರಿಕದ ಸರ್ಕಾರವು ಮೆಳ್ಳೆಗಣ್ಣಿಗೂ ರೆಪ್ಪೆ ಬಿಗಿಯುವ ರೋಗಕ್ಕೂ ಈ ಮದ್ದನ್ನು ಒಪ್ಪಿತು. ಬೊಟಾಕ್ಸ್ ಎಂಬ ಹೆಸರು ಅದಕ್ಕೆ ಬಂದುದು ಆಮೇಲೆ. ಕೆನಡಾ ದೇಶದ ವ್ಯಾಂಕೂವರಿನ ಕರೂದರ್ಸ್ ದಂಪತಿಗಳು ಇದರಿಂದ ಹುಬ್ಬುಗಳ ನಡುವಣ ಸುಕ್ಕು ಮಾಯವಾಗುವುದನ್ನು ಕಂಡು ೧೯೯೨ರಲ್ಲಿ ಬರೆದರು. ಅಲ್ಲಿಂದ ಮುಂದೆ ಈ ಮದ್ದು ಆಸ್ಪತ್ರೆಯಿಂದ ಅಲಂಕಾರಶಾಲೆಗೆ ಹೋಯಿತು. ಅದರ ಕೀರ್ತಿಯೂ ಅಪಕೀರ್ತಿಯೂ ಅಲ್ಲಿಂದಲೇ.

ಸುಕ್ಕು ತೆಗೆಸಿಕೊಳ್ಳಲು ಬಂದವರಲ್ಲಿ ಕೆಲವರು, ‘ಸುಕ್ಕಿನ ಮಾತಿರಲಿ, ನಮ್ಮ ತಲೆನೋವು ಕಡಮೆಯಾಯಿತಲ್ಲ!’ ಎಂಬಂತೆ ಹೇಳತೊಡಗಿದರು. ಕ್ಯಾಲಿಫೋರ್ನಿಯದ ಶಸ್ತ್ರವೈದ್ಯ ವಿಲಿಯಮ್ ಬೈಂಡರ್ ಇದನ್ನು ಕಿವಿಯಿಂದಾಚೆಗೆ ತಳ್ಳದೆ, ಗಮನಿಸಿ, ೨೦೦೦ದಲ್ಲಿ ಪ್ರಕಟಿಸಿದರು. ರೋಗಿಯ ಮಾತಿಗೆ ಕಿವಿಗೊಟ್ಟುದರಿಂದಲೇ ಈ ಚಿಕಿತ್ಸೆ ಹುಟ್ಟಿತೆಂಬುದನ್ನು ಸೊಸೆಯಂದಿರ ತಲೆನೋವನ್ನು ನಂಬದ ಮನೆಗಳು ಯೋಚಿಸಬಹುದು.

ಹಣೆಗೆ ಹಾಕಿದ ಮದ್ದು ತಲೆಯೊಳಗಣ ಶೂಲೆಯನ್ನು ಹೇಗೆ ತಗ್ಗಿಸೀತು? ಸ್ನಾಯುಗಳು ಸಡಿಲವಾಗುವುದೇ ಕಾರಣವೆಂದು ಮೊದಲು ಎಣಿಸಿದ್ದರು. ಈಗಿನ ತಿಳಿವಳಿಕೆ ಬೇರೆ. ನರದ ತುದಿಯಲ್ಲಿ ರಾಸಾಯನಿಕ ದ್ರವ್ಯಗಳು ಅತಿ ಸೂಕ್ಷ್ಮವಾದ ಚೀಲಗಳಲ್ಲಿ ತುಂಬಿರುತ್ತವೆ. ಚೀಲವು ನರದ ಪೊರೆಗೆ ತಗಲಿ ಬಾಯಿಬಿಟ್ಟಾಗ ದ್ರವ್ಯವು ಹೊರಬೀಳುವುದು. ಹಾಗೆ ಚೀಲವನ್ನು ಪೊರೆಗೆ ಸೇರಿಸುವ ಕೊಂಡಿಗಳಿವೆ. ಅವುಗಳಲ್ಲೊಂದಕ್ಕೆ ಸ್ನ್ಯಾಪ್-೨೫ ಎಂದು ಹೆಸರು. ಚೀಲಗಳ ಈ ಸಂಚಾರವನ್ನು ಬಿಡಿಸಿ ತೋರಿಸಿದ ಮೂವರು ವಿಜ್ಞಾನಿಗಳಿಗೆ ೨೦೧೩ರಲ್ಲಿ ನೊಬೆಲ್ ಪಾರಿತೋಷಕವು ಸಂದಿತು. ನಮ್ಮ ವಿಷವು ನರದೊಳಹೊಕ್ಕು ಆ ಕೊಂಡಿಯನ್ನು ಕತ್ತರಿಸುತ್ತದೆ. ಚೀಲ ತುಂಬಿದ್ದರೂ ಬಾಯಿ ತೆರೆಯದು. ಸ್ನಾಯುವಿನ ನರದಲ್ಲಾದರೆ ಸ್ನಾಯು ಸಡಿಲವಾಗುವುದು. ನೋವನ್ನು ಹೊರುವ ನರದಲ್ಲಾದರೆ ಸಿ.ಜಿ.ಆರ್.ಪಿ. ಎಂಬ, ಮೈಗ್ರೇನಿನಲ್ಲಿ ಉರಿಗೆ ತುಪ್ಪ ಹೊಯ್ಯುವ ದ್ರವ್ಯವು ಹೊರಬೀಳುವುದು ಕಡಮೆಯಾಗುವುದು. ಮುಖ, ತಲೆ, ಕತ್ತುಗಳ ನರಗಳು ಹೀಗೆ ಶಾಂತವಾದರೆ, ಅವುಗಳ ಕೂಗನ್ನು ಕೇಳಿ ಕೇಳಿ ಕೆರಳಿದ್ದ ಮಿದುಳೂ ಕ್ರಮೇಣ ಶಾಂತವಾಗುವುದೆಂದು ತಜ್ಞರ ಅಭಿಪ್ರಾಯ. ನರವಾದರೋ ಕೆಲವು ತಿಂಗಳುಗಳಲ್ಲಿ ಹೊಸ ಕೊಂಡಿಗಳನ್ನು ಕಟ್ಟಿಕೊಳ್ಳುತ್ತದೆ. ಆದುದರಿಂದ ೧೨ ವಾರಗಳಿಗೊಮ್ಮೆ ಸೂಜಿಯು ಪುನಃ ಬೇಕಾಗುವುದು.

ಮದ್ದು ಹಾಕುವ ಕ್ರಮಕ್ಕೆ ನಿಶ್ಚಿತವಾದ ವಿಧಿಯುಂಟು. ಹುಬ್ಬುಗಳ ನಡುವೆ ಮೂರು, ಹಣೆಯಲ್ಲಿ ನಾಲ್ಕು, ಎರಡು ಕಣತಲೆಗಳಲ್ಲಿ ಎಂಟು, ಹಿಂದಲೆಯಲ್ಲಿ ಆರು, ಕತ್ತಿನ ಮೇಲ್ಭಾಗದಲ್ಲಿ ನಾಲ್ಕು, ಭುಜಗಳ ಮೇಲೆ ಆರು. ಒಟ್ಟು ೩೧ ಚುಚ್ಚುಗಳು. ಒಂದೊಂದಕ್ಕೆ ೫ ಯೂನಿಟ್ಟಿನಂತೆ ೧೫೫ ಯೂನಿಟ್ಟು. ಸೂಜಿಯು ಬಹು ಸಣ್ಣದು, ಕಾಲುಗಂಟೆಯೊಳಗೆ ಕೆಲಸ ಮುಗಿಯುವುದು, ಆಸ್ಪತ್ರೆಯಲ್ಲಿ ಮಲಗಬೇಕಾದುದಿಲ್ಲ. ಅಷ್ಟೂ ಚುಚ್ಚುಗಳಲ್ಲಿ ಸೇರಿ ಒಳಗೆ ಹೋಗುವ ವಿಷವು, ಒಂದು ಗ್ರಾಮನ್ನು ನೂರು ಕೋಟಿ ಪಾಲು ಮಾಡಿದರೆ ಅದರ ಒಂದೆರಡು ಪಾಲು. ಲೋಕದಲ್ಲಿ ತಿಳಿದಿರುವ ವಿಷಗಳಲ್ಲೆಲ್ಲ ಅತ್ಯುಗ್ರವಾದವುಗಳಲ್ಲೊಂದು ಮನುಷ್ಯನಿಗೆ ಉಪಕಾರಿಯಾಗಿರುವುದು ಈ ಅಳತೆಯಿಂದಲೇ.

ಈಗ ಗೃಹಸ್ಥರು ಕೇಳಬೇಕಾದ ಪ್ರಶ್ನೆ: ಫಲವೆಷ್ಟು? ಇಲ್ಲಿ ನಾವು ಸ್ವಲ್ಪ ನಿಧಾನಿಸಬೇಕು. ಆಗೀಗ ಬರುವ ಮೈಗ್ರೇನಿಗೆ ಈ ಮದ್ದನ್ನು ಹಾಕಿ ನೋಡಿದ ಪರೀಕ್ಷೆಗಳು ಹಲವು ನಡೆದು ವಿಫಲವಾದುವು. ದೀರ್ಘಕಾಲದ ಮೈಗ್ರೇನಿನ ಮೇಲೆ ಉತ್ತರ ಅಮೆರಿಕ, ಯೂರೋಪುಗಳಲ್ಲಿ ೧೩೮೪ ರೋಗಿಗಳೊಡನೆ ಎರಡು ದೊಡ್ಡ ಪರೀಕ್ಷೆಗಳು ನಡೆದು, ಅವುಗಳ ಫಲವು ೨೦೧೦ರಲ್ಲಿ ಪ್ರಕಟವಾಯಿತು. ಅರ್ಧ ಮಂದಿಗೆ ವಿಷದ ಸೂಜಿ, ಅರ್ಧ ಮಂದಿಗೆ ಬರಿಯ ಉಪ್ಪುನೀರಿನ ಸೂಜಿ. ಯಾರಿಗೆ ಯಾವುದೆಂದು ರೋಗಿಗೂ ತಿಳಿಯದು, ಚುಚ್ಚುವವರಿಗೂ ತಿಳಿಯದು. ಮೊದಲು ಎರಡು ಗುಂಪಿನವರಿಗೂ ನಾಲ್ಕು ವಾರಗಳಲ್ಲಿ ಸುಮಾರು ೨೦ ದಿನ ತಲೆನೋವಿತ್ತು. ೨೪ ವಾರಗಳಾದ ಮೇಲೆ, ವಿಷದ ಸೂಜಿಯವರಲ್ಲಿ ಸರಾಸರಿ ೮.೪ ದಿನಗಳು ಕಡಮೆಯಾಗಿದ್ದುವು, ಉಪ್ಪುನೀರಿನವರಲ್ಲಿಯೂ ೬.೬ ದಿನಗಳು ಕಡಮೆಯಾಗಿದ್ದುವು!

ಈ ಎರಡನೆಯ ಅಂಕೆಯನ್ನು ಜಾಹೀರಾತುಗಳು ಹೇಳುವುದಿಲ್ಲ. ಎಂಟು ದಿನಗಳ ಸುಖದಲ್ಲಿ ಬಹುಭಾಗವು ಶ್ರದ್ಧೆಯಿಂದಲೂ ಆರೈಕೆಯಿಂದಲೂ ಕಾಲದ ಗತಿಯಿಂದಲೂ ಬಂದುದು. ವಿಷಕ್ಕೇ ಸಲ್ಲತಕ್ಕುದು ನಾಲ್ಕು ವಾರಗಳಿಗೆ ಸುಮಾರು ಎರಡು ದಿನ. ಇಷ್ಟಕ್ಕೆ ಮೂವತ್ತೊಂದು ಚುಚ್ಚೇ ಎಂದು ಕೆಲವರು ನಗಬಹುದು. ನಾವು ನಗಲಾರೆವು. ಸರಾಸರಿಯೆಂಬುದು ಒಂದು ಮೋಸದ ಗೆಳೆಯ. ಅದರೊಳಗೆ ಏನೂ ಗುಣ ಕಾಣದವರೂ ಇದ್ದಾರೆ, ನೋವಿನ ದಿನಗಳು ಅರ್ಧಕ್ಕಿಳಿದವರೂ ಇದ್ದಾರೆ. ಯಾರು ಯಾವ ಗುಂಪಿನವರೆಂದು ಹಾಕಿ ನೋಡುವುದಕ್ಕೆ ಮೊದಲು ಹೇಳಲಾಗದು. ಈ ಪರೀಕ್ಷೆಗಳನ್ನಾಧರಿಸಿ ೨೦೧೦ರ ಅಕ್ಟೋಬರಿನಲ್ಲಿ ಅಮೆರಿಕದ ಸರ್ಕಾರವು ಒಪ್ಪಿಗೆ ಕೊಟ್ಟಿತು. ಒಪ್ಪಿಗೆಗೆ ಮೊದಲೇ ತಲೆನೋವು ಮೊದಲಾದುವಕ್ಕೆ ಇದನ್ನು ಪ್ರಚಾರಮಾಡಿದ ತಪ್ಪಿಗಾಗಿ ತಯಾರಕರಾದ ಅಲರ್ಗನ್ ಕಂಪನಿಯವರು ಅದೇ ವರ್ಷದ ಸೆಪ್ಟೆಂಬರಿನಲ್ಲಿ ೬೦ ಕೋಟಿ ಡಾಲರುಗಳನ್ನು ತೆರಲು ಒಪ್ಪಿದುದೂ ಚರಿತ್ರೆಯೇ. ಮದ್ದು ಒಳ್ಳೆಯದಾದ ಮಾತ್ರಕ್ಕೆ ಮಾರುವವರ ಮಾತೆಲ್ಲ ಒಳ್ಳೆಯದಲ್ಲ.

ನಮ್ಮ ತಂಗಿಯ ಮಗಳೊಬ್ಬಳು ಪ್ರಾಥಮಿಕ ಪಾಠಶಾಲೆಯಲ್ಲಿ ಉಪಾಧ್ಯಾಯಿನಿ. ಅಡಿಗೆಮನೆಯ ಕ್ಯಾಲೆಂಡರಿನಲ್ಲಿ ತಲೆನೋವಿನ ದಿನಗಳಿಗೆಲ್ಲ ಪೆನ್ಸಿಲಿನಿಂದ ಅಡ್ಡಗೆರೆ ಎಳೆದಿಡುತ್ತಿದ್ದಳು. ಒಂದು ತಿಂಗಳಲ್ಲಿ ಹತ್ತೊಂಬತ್ತು ಗೆರೆಗಳನ್ನು ನಾವೇ ಎಣಿಸಿದೆವು. ತಡೆಮದ್ದುಗಳಲ್ಲಿ ಪ್ರೊಪ್ರನಲಾಲ್ ಗುಣ ಕೊಡಲಿಲ್ಲ. ಟೊಪಿರಮೇಟ್ ನುಂಗಿದ ಮೇಲೆ ಪಾಠ ಹೇಳುವಾಗ ಬೇಕಾದ ಮಾತು ನಾಲಗೆಗೆ ಬಾರದಂತಾಯಿತು. ಈ ಮದ್ದಿನಿಂದ ಕೆಲವರಿಗೆ ಹಾಗಾಗುವುದುಂಟಂತೆ. ಮೂರನೆಯದೂ ಹಿಡಿಸದಿರಲು ನರರೋಗದ ವೈದ್ಯರು ಸೂಜಿಯ ಮಾತೆತ್ತಿದರು. ಆಗ ಮನೆಯಲ್ಲಿ ಎದ್ದ ಗದ್ದಲವನ್ನು ಹೇಳತೀರದು. ಅವಳ ಅತ್ತೆಯವರು, ‘ಅದು ಸಿನಿಮಾದವರು ಮುಖ ನುಣುಪು ಮಾಡಿಕೊಳ್ಳುವ ಮದ್ದಲ್ಲವೆ? ನಮ್ಮ ಮನೆಯ ಸೊಸೆಗೆ ಅದೇಕೆ?’ ಎಂದು ಕೇಳಿದರು. ಆ ಹಿರಿಯಾಕೆ ಕೆಟ್ಟವರಲ್ಲ. ಬೊಟಾಕ್ಸ್ ಎಂಬ ಹೆಸರನ್ನು ಅವರು ಬೇರೆ ಯಾವ ಪ್ರಸಂಗದಲ್ಲಿಯೂ ಕೇಳಿರಲಿಲ್ಲ. ಈ ಒಂದು ಮಾತಿನಿಂದ ಹೆಚ್ಚುಕಡಮೆ ಒಂದು ವರ್ಷ ಹಾಗೆಯೇ ಕಳೆಯಿತು. ಗೆರೆಗಳು ಬೀಳುತ್ತಲೇ ಇದ್ದುವು.

ಕೊನೆಗೆ ಅವಳ ಗಂಡನೇ ಕ್ಯಾಲೆಂಡರನ್ನು ಗೋಡೆಯಿಂದ ತೆಗೆದು ತಾಯಿಯ ಮುಂದಿಟ್ಟು ಎಣಿಸೆಂದನು. ಮರುವಾರವೇ ಹೋಗಿ ಸೂಜಿ ಹಾಕಿಸಿದರು. ಮೊದಲ ಸಲ ಎರಡು ವಾರಗಳ ಕಾಲ ಕತ್ತು ನೋಯುತ್ತಿತ್ತು. ಕೊಡವನ್ನೆತ್ತುವಾಗ ತಲೆ ಭಾರವೆನಿಸುತ್ತಿತ್ತು. ಗೆರೆಗಳು ಹದಿನಾರಾದುವು. ಎರಡನೆಯ ಸಲದ ಮೇಲೆ ಹನ್ನೊಂದಾದುವು. ಬಂದ ನೋವೂ ಮೊದಲಿನಷ್ಟು ತೀವ್ರವಲ್ಲ. ಕಳೆದ ಶ್ರಾವಣದಲ್ಲಿ ನಮ್ಮಲ್ಲಿಗೆ ಬಂದಿದ್ದಾಗ, ‘ಮಾವ, ನೋವು ಹೋಗಿಲ್ಲ. ಆದರೆ ಯಾರಾದರೂ ಮದುವೆಗೆ ಕರೆದರೆ, ಬರುತ್ತೇನೆ ಅಂತ ಹೇಳುವ ಧೈರ್ಯ ಬಂದಿದೆ’ ಎಂದಳು. ವೆಚ್ಚವು ಸಣ್ಣದಲ್ಲ. ಮೂರು ತಿಂಗಳಿಗೊಮ್ಮೆ ಅಷ್ಟು ಹಣವನ್ನು ಹೊಂದಿಸುವುದು ಉಪಾಧ್ಯಾಯರ ಮನೆಯಲ್ಲಿ ಹೇಗೆಂಬುದು ನಮಗೆ ಗೊತ್ತು. ಅವಳು ಚೀಟಿಯ ಹಣವನ್ನು ಇದಕ್ಕೆಂದೇ ತೆಗೆದಿಟ್ಟಿದ್ದಾಳೆ.

ಇಂಗ್ಲೆಂಡಿನ ಸರ್ಕಾರದವರು ೨೦೧೨ರಲ್ಲಿ ಈ ಚಿಕಿತ್ಸೆಗೆ ಹಾಕಿಕೊಂಡ ಕಟ್ಟಳೆಯು ನಮಗೂ ಹಿತವೆಂದು ತೋರುತ್ತದೆ. ಮೂರು ತಡೆಮದ್ದುಗಳಾದರೂ ವಿಫಲವಾಗಿರಬೇಕು. ಮಾತ್ರೆಯ ಅತಿಬಳಕೆಯನ್ನು ಮೊದಲು ಸರಿಪಡಿಸಿರಬೇಕು. ಎರಡು ಸರದಿ ಸೂಜಿಯಾದ ಮೇಲೂ ನೋವಿನ ದಿನಗಳು ನೂರಕ್ಕೆ ೩೦ರಷ್ಟಾದರೂ ಇಳಿಯದಿದ್ದರೆ ನಿಲ್ಲಿಸಿಬಿಡಬೇಕು. ತಿಂಗಳಿಗೆ ಹದಿನೈದು ದಿನಕ್ಕಿಂತ ಕೆಳಗಿಳಿದು ಮೂರು ತಿಂಗಳು ಹಾಗೆಯೇ ನಿಂತರೂ ನಿಲ್ಲಿಸಬಹುದು. ದುಡ್ಡಿಗೆ ಮಿತಿಯಿರುವ ಮನೆಯವರಿಗೆ ಎಲ್ಲಿ ನಿಲ್ಲಿಸಬೇಕೆಂಬ ತಿಳಿವು ಎಲ್ಲಿ ಆರಂಭಿಸಬೇಕೆಂಬುದಕ್ಕಿಂತ ಹೆಚ್ಚಿನದು.

ಬಸುರಿಯರಿಗೆ ಈ ಸೂಜಿಯನ್ನು ಸಾಮಾನ್ಯವಾಗಿ ಹಾಕುವುದಿಲ್ಲ. ಮಯಸ್ತೀನಿಯ ಮೊದಲಾದ ಸ್ನಾಯುದೌರ್ಬಲ್ಯದ ರೋಗವಿರುವವರು ಅದನ್ನು ಮೊದಲೇ ಹೇಳಬೇಕು. ಕೆಲವರಿಗೆ ಕೆಲವು ವಾರ ರೆಪ್ಪೆ ಜೋಲುವುದುಂಟು. ಅದು ತಾನಾಗಿ ಸರಿಹೋಗುವುದು. ನುಂಗುವುದಕ್ಕೋ ಉಸಿರಾಡುವುದಕ್ಕೋ ಮಾತಾಡುವುದಕ್ಕೋ ಕಷ್ಟವಾದರೆ ತಡಮಾಡದೆ ಆಸ್ಪತ್ರೆಗೆ ಓಡಬೇಕು. ವಿಷವು ಇದ್ದೆಡೆಯಿಂದ ಹರಡಬಹುದೆಂದು ೨೦೦೯ರಿಂದ ಅಮೆರಿಕದಲ್ಲಿ ಮದ್ದಿನ ಮೇಲೆಯೇ ಎಚ್ಚರಿಕೆ ಮುದ್ರಿಸುತ್ತಾರೆ. ಅಗ್ಗವೆಂದು ಅಲಂಕಾರಶಾಲೆಯಲ್ಲಿ ತಲೆನೋವಿಗೆ ಚುಚ್ಚಿಸಿಕೊಳ್ಳುವುದು ಶುದ್ಧ ಅವಿವೇಕ. ಇದು ನರರೋಗವನ್ನು ಬಲ್ಲ ವೈದ್ಯರ ಕೆಲಸ. ಅಲ್ಲದೆ ಎಲ್ಲ ತಲೆನೋವೂ ಮೈಗ್ರೇನಲ್ಲ: ಸಿಡಿಲು ಬಡಿದಂತೆ ಒಮ್ಮೆಗೇ ಬಂದುದು, ಜ್ವರದೊಡನೆ ಕತ್ತು ಸೆಟೆದುದು, ಕೈಕಾಲಿನ ಸ್ವಾಧೀನ ತಪ್ಪಿದುದು, ಐವತ್ತು ದಾಟಿದ ಮೇಲೆ ಹೊಸದಾಗಿ ಹುಟ್ಟಿದುದು, ಇವನ್ನು ಆಗಲೇ ವೈದ್ಯರಿಗೆ ತೋರಿಸತಕ್ಕುದು.

ಸೂಜಿಯೇ ಕಡೆಯ ಬಾಗಿಲೂ ಅಲ್ಲ. ಮೇಲೆ ಹೇಳಿದ ಸಿ.ಜಿ.ಆರ್.ಪಿ. ದ್ರವ್ಯದ ಕೆಲಸವನ್ನೇ ತಡೆಯುವ ಹೊಸ ಮದ್ದುಗಳು ೨೦೧೮ರಿಂದೀಚೆಗೆ ಬಂದಿವೆ. ಎರೆನುಮಾಬ್ ಎಂಬುದನ್ನು ತಿಂಗಳಿಗೊಮ್ಮೆ ಚರ್ಮದಡಿಯಲ್ಲಿ ಚುಚ್ಚಿಕೊಂಡರಾಯಿತು. ಅವುಗಳ ಬೆಲೆಯೂ ಹೆಚ್ಚೇ. ಯಾರಿಗೆ ಯಾವುದೆಂದು ನಿಶ್ಚಯಿಸತಕ್ಕವರು ವೈದ್ಯರು. ಆದರೆ ವೈದ್ಯರೆದುರಿಗೆ ಕುಳಿತಾಗ ‘ಯಾವಾಗಲೂ ತಲೆನೋವು’ ಎಂದರೆ ಅವರಿಗೇನೂ ತಿಳಿಯದು. ಒಂದು ಎರಡಾಣೆ ನೋಟುಬುಕ್ಕು ಎಂದು ನಮ್ಮ ಕಾಲದವರು ಹೇಳುತ್ತಿದ್ದರಲ್ಲ, ಅಂತಹ ಸಣ್ಣ ಪುಸ್ತಕವೊಂದರಲ್ಲಿ ನೋವು ಬಂದ ದಿನಾಂಕ, ಇದ್ದ ಹೊತ್ತು, ನುಂಗಿದ ಮಾತ್ರೆಯ ಹೆಸರು ಮತ್ತು ಎಣಿಕೆ, ಆ ದಿನ ಮಾಡಲಾಗದೆ ಉಳಿದ ಕೆಲಸ, ಇಷ್ಟನ್ನು ಬರೆಯಬೇಕು. ನೋವಿನಲ್ಲಿರುವವರಿಗೆ ಬರೆಯಲಾಗದಿದ್ದರೆ ಮನೆಯಲ್ಲಿ ಇನ್ನೊಬ್ಬರು ಬರೆದಿಡಲಿ. ಮೂರು ತಿಂಗಳ ಬರಹ ಕೈಯಲ್ಲಿದ್ದರೆ ಸಾಕು. ಮೊದಲ ಭೇಟಿಗೇ ಅದನ್ನು ತೆಗೆದುಕೊಂಡು ಹೋಗಬಹುದು.